ಬಾವಿ ನೀರು, ಆರ್‌ಒ, ಮೀನಿನ ತೊಟ್ಟಿ: ಕರಾವಳಿಯ ಮನೆಗಳಿಗೆ ದೋಷ ನಿವಾರಣೆ ಕೈಪಿಡಿ

ಆರ್‌ಒ ಯಂತ್ರದಲ್ಲಿ ಉಪ್ಪನ್ನು ತಡೆಯುವ ಸುರುಳಿ ಪೊರೆ, ಅಂದರೆ ಮೆಂಬ್ರೇನ್, ಬದಲಿಸಲು ಹೊರಡುವ ಮೊದಲು ಇದು ಯಾವ ತಿಂಗಳು ಎಂದು ನೋಡಿ. ಮಂಗಳೂರು, ಉಡುಪಿ ಕಡೆಯ ಮುರಕಲ್ಲಿನ (ಜಂಬಿಟ್ಟಿಗೆಯ) ಬಾವಿಯಲ್ಲಿ ವರ್ಷವಿಡೀ ಒಂದೇ ನೀರು ಇರುವುದಿಲ್ಲ. ಜೂನ್‌ನ ಮೊದಲ ಮಳೆಗೆ ಕೆಂಪು ಕೆಸರು ಇಳಿಯುತ್ತದೆ. ಆಟಿಯ (ಜುಲೈ-ಆಗಸ್ಟ್) ಹೊತ್ತಿಗೆ ಬಾವಿ ತುಂಬಿ, ನೀರು ಮಳೆನೀರಿನಷ್ಟೇ ತೆಳುವಾಗಿ, ಸ್ವಲ್ಪ ಆಮ್ಲೀಯವಾಗಿ ಇರುತ್ತದೆ. ದೀಪಾವಳಿ ಕಳೆದ ಮೇಲೆ ಮೂರು ನಾಲ್ಕು ತಿಂಗಳು ಎಲ್ಲವೂ ಶಾಂತ. ಮಾರ್ಚ್ ದಾಟಿದರೆ ತಳದ ನೀರಿನಲ್ಲಿ ಕಬ್ಬಿಣ ಹೆಚ್ಚುತ್ತದೆ, ಅಳಿವೆಯ ಹತ್ತಿರದ ಬಾವಿಗಳಿಗೆ ಉಪ್ಪೂ ಏರುತ್ತದೆ. ಯಂತ್ರ ಅದೇ, ಅದಕ್ಕೆ ಸಿಗುವ ನೀರು ಮಾತ್ರ ಬೇರೆ. ಆದ್ದರಿಂದ ಈ ಕೈಪಿಡಿಯಲ್ಲಿ ತನಿಖೆ ಬಾವಿಯಿಂದ ಶುರುವಾಗಿ ಯಂತ್ರಕ್ಕೆ ಬರುತ್ತದೆ.

ಅಡುಗೆಮನೆಯ ಆರ್‌ಒ ಅಥವಾ ಬಿಡಿಭಾಗ ತಂದು ಜೋಡಿಸಿದ 75–100 ಜಿಪಿಡಿ (ದಿನಕ್ಕೆ ಇಷ್ಟು ಗ್ಯಾಲನ್) ಘಟಕವನ್ನು ತೆರೆದ ಬಾವಿಯ ನೀರಿಗೆ ಜೋಡಿಸಿ, ಬಂದ ನೀರನ್ನು ಅಕ್ವೇರಿಯಂಗೆ ಬಳಸುವವರಿಗೆ ಇದು. ಕುಡಿಯುವ ನೀರಿನ ನಿಯಮಗಳು ಇಲ್ಲಿ ಎಲ್ಲ ಕಡೆ ಹೊಂದುವುದಿಲ್ಲ. ನಮಗೆ ಹಿತವಾದ ನೀರಿನಲ್ಲಿ ಸಿಗಡಿ ಸಾಯಬಹುದು.

ಮೊದಲು ಐದು ಅಂಕಿ

ಬೇಕಾದ ಸಾಮಾನು ಹೆಚ್ಚಿಲ್ಲ: ಒಂದು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) ಮೀಟರ್, ಒಂದು ಲೀಟರಿನ ಅಳತೆ ಜಗ್ಗು, ಕಾಲು ಇಂಚಿನ ಪೈಪಿಗೆ ಕೂರುವ ಪ್ರೆಶರ್ ಗೇಜ್ ಮತ್ತು ಒಂದು ಟೀ ಜೋಡಣೆ, ಹನಿ ಹಾಕಿ ನೋಡುವ ಪಿಎಚ್ (ಹುಳಿ-ಕ್ಷಾರದ ಅಳತೆ), ಕೆಎಚ್ (ಪಿಎಚ್ ಕುಸಿಯದಂತೆ ಹಿಡಿಯುವ ಕ್ಷಾರದ ಅಳತೆ) ಪರೀಕ್ಷೆ, ಒಂದು ಬಿಳಿ ಬಾಲ್ದಿ, ಸಾಧ್ಯವಿದ್ದರೆ ಒಂದು ಮಲ್ಟಿಮೀಟರ್. ಗೇಜನ್ನು ಬೂಸ್ಟರ್ ಪಂಪು ಮತ್ತು ಮೆಂಬ್ರೇನ್ ಹೌಸಿಂಗ್ ನಡುವೆ ಶಾಶ್ವತವಾಗಿ ಕೂರಿಸಿ. ಈ ಒಂದು ಗೇಜ್ ಇಲ್ಲದ್ದರಿಂದಲೇ ಎಷ್ಟೋ ಒಳ್ಳೆಯ ಮೆಂಬ್ರೇನುಗಳು ಕಸಕ್ಕೆ ಹೋಗುತ್ತವೆ.

ಯಂತ್ರವನ್ನು ಹದಿನೈದು ನಿಮಿಷ ಓಡಿಸಿದ ಮೇಲೆಯೇ ಅಳೆಯಿರಿ. ನಿಂತ ಯಂತ್ರದಲ್ಲಿ ಉಪ್ಪು ಮೆಂಬ್ರೇನಿನ ಮೂಲಕ ನಿಧಾನವಾಗಿ ಆಚೆ ಬದಿಗೆ ಜಿನುಗಿರುತ್ತದೆ. ಮೊದಲ ಒಂದೆರಡು ಲೀಟರಿನ ಟಿಡಿಎಸ್ ಹೆಚ್ಚು ತೋರಿಸುವುದು ಅದಕ್ಕೇ. ಆ ನೀರನ್ನು ತೊಟ್ಟಿಗೂ ಹಾಕಬೇಡಿ, ಲೆಕ್ಕಕ್ಕೂ ಹಿಡಿಯಬೇಡಿ. ಆಮೇಲೆ ಬರೆದುಕೊಳ್ಳಬೇಕಾದದ್ದು: ಬಾವಿ ನೀರಿನ ಟಿಡಿಎಸ್, ಶುದ್ಧ ನೀರಿನ ಟಿಡಿಎಸ್, ಶುದ್ಧ ನೀರು ನಿಮಿಷಕ್ಕೆ ಎಷ್ಟು ಮಿಲಿ, ವೇಸ್ಟ್ ನೀರು (ತಡೆದ ಉಪ್ಪನ್ನು ಹೊತ್ತು ಹೊರಹೋಗುವುದು) ನಿಮಿಷಕ್ಕೆ ಎಷ್ಟು ಮಿಲಿ, ಗೇಜಿನಲ್ಲಿ ಒತ್ತಡ ಎಷ್ಟು ಪಿಎಸ್‌ಐ. ಯಂತ್ರ ಚೆನ್ನಾಗಿರುವಾಗಲೇ, ಡಿಸೆಂಬರಿನಲ್ಲಿ ಒಮ್ಮೆ ಬರೆದಿಟ್ಟರೆ ಉಳಿದ ವರ್ಷಕ್ಕೆಲ್ಲ ಅದೇ ಅಳತೆಗೋಲು.

ಹೋಲಿಸಲು ಲೆಕ್ಕ ಹೀಗಿದೆ. 75 ಜಿಪಿಡಿ ಮೆಂಬ್ರೇನ್ ದಿನಕ್ಕೆ 284 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 200 ಮಿಲಿ ಕೊಡಬೇಕು. 100 ಜಿಪಿಡಿಯಾದರೆ ಸುಮಾರು 260 ಮಿಲಿ. ಈ ಅಂಕಿ 25 ಡಿಗ್ರಿ ಸೆಲ್ಸಿಯಸ್ ನೀರಿಗೆ, ಸುಮಾರು 50ರಿಂದ 60 ಪಿಎಸ್‌ಐ ಒತ್ತಡಕ್ಕೆ. ಉಷ್ಣತೆ ಒಂದು ಡಿಗ್ರಿ ಏರಿದರೆ ನೀರು ಸುಮಾರು 3 ಶೇಕಡಾ ಹೆಚ್ಚು ಬರುತ್ತದೆ. ನಮ್ಮಲ್ಲಿ ಟ್ಯಾಂಕಿನ ನೀರು ಮೇ ತಿಂಗಳಲ್ಲಿ 30 ದಾಟುವುದರಿಂದ ಹೇಳಿದ್ದಕ್ಕಿಂತ ಹೆಚ್ಚೇ ಬರಬೇಕು. ಚಳಿಯಿಂದ ನೀರು ಕಡಿಮೆಯಾಯಿತು ಎಂಬ ಮಾತು ಈ ಕರಾವಳಿಯಲ್ಲಿ ನಡೆಯುವುದಿಲ್ಲ.

ನೀರು ಕಡಿಮೆ ಬರುತ್ತಿದೆ

ಗೇಜ್ ಮತ್ತು ವೇಸ್ಟ್ ನೀರನ್ನು ಒಟ್ಟಿಗೆ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಒತ್ತಡ 40ಕ್ಕಿಂತ ಕೆಳಗಿದ್ದು ವೇಸ್ಟ್ ನೀರೂ ಕಡಿಮೆ ಇದ್ದರೆ ಪಂಪಿಗೇ ನೀರು ಸಿಗುತ್ತಿಲ್ಲ. ಓವರ್‌ಹೆಡ್ ಟ್ಯಾಂಕು ಯಂತ್ರಕ್ಕಿಂತ 3 ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಬರೀ 4 ಪಿಎಸ್‌ಐ. ಅಷ್ಟರಲ್ಲೇ ನೀರು ಸ್ಪನ್ (ಕೆಸರು ಹಿಡಿಯುವ ಮೊದಲ) ಫಿಲ್ಟರ್ ದಾಟಿ ಬರಬೇಕು. ಪಂಪಿಗೆ ಹೋಗುವ ಪೈಪನ್ನು ಬಿಚ್ಚಿ ಜಗ್ಗಿಗೆ ಹಿಡಿಯಿರಿ: ನಿಮಿಷಕ್ಕೆ ಒಂದು ಲೀಟರ್ ಬೀಳಬೇಕು. ಬೀಳದಿದ್ದರೆ ಸ್ಪನ್ ತೆಗೆದು ಮತ್ತೊಮ್ಮೆ ಹಿಡಿಯಿರಿ. ಈಗ ಬಂದರೆ ಸ್ಪನ್ ಕಟ್ಟಿದೆ, ಈಗಲೂ ಬಾರದಿದ್ದರೆ ನಲ್ಲಿಯ ಜಾಲರಿಯಲ್ಲೋ ಟ್ಯಾಂಕಿನ ಪೈಪಿನಲ್ಲೋ ಕೆಸರು ಕೂತಿದೆ. ಮಳೆಗಾಲದಲ್ಲಿ 5 ಮೈಕ್ರಾನ್ ಸ್ಪನ್ ಒಂದೇ ವಾರದಲ್ಲಿ ಕಟ್ಟುವುದುಂಟು. ಜೂನ್‌ನಿಂದ ಸೆಪ್ಟೆಂಬರ್ ತನಕ ಅದರ ಮುಂದೆ 20 ಮೈಕ್ರಾನಿನದೊಂದು ಇಡಿ, ಆಗ ಎರಡಕ್ಕೂ ಆಯುಸ್ಸು ಬರುತ್ತದೆ.

ಜಗ್ಗಿಗೆ ಸಾಕಷ್ಟು ನೀರು ಬಂದೂ ಒತ್ತಡ ಏರದಿದ್ದರೆ ಕರೆಂಟಿನ ಕಡೆ ತಿರುಗಿ. ಪಂಪು ಓಡುತ್ತಿರುವಾಗಲೇ ಅದಕ್ಕೆ ಕರೆಂಟು ಕೊಡುವ ಅಡಾಪ್ಟರಿನ, ಅಂದರೆ ಎಸ್‌ಎಂಪಿಎಸ್ಸಿನ, ತಂತಿಯಲ್ಲಿ ವೋಲ್ಟ್ ಅಳೆಯಿರಿ. 24 ವೋಲ್ಟಿನದು 23ಕ್ಕಿಂತ ಕೆಳಗಿಳಿಯಬಾರದು. ಪಂಪು ಬಿಚ್ಚಿದಾಗ 24 ತೋರಿಸಿ, ಜೋಡಿಸಿದ ಕೂಡಲೇ 16ಕ್ಕೆ ಬೀಳುವ ಎಸ್‌ಎಂಪಿಎಸ್ ಸತ್ತಂತೆಯೇ ಲೆಕ್ಕ. ಏಪ್ರಿಲ್-ಮೇಯ ಸಿಡಿಲು ಮಳೆಯ ನಂತರ ಮೊದಲು ಸಂಶಯ ಪಡಬೇಕಾದದ್ದು ಇದನ್ನೇ. ವೋಲ್ಟ್ ಸರಿಯಿದ್ದರೆ ಪಂಪಿನ ಡಯಾಫ್ರಾಮ್ ಹೋಗಿದೆ. ವೇಸ್ಟ್ ನೀರಿನಲ್ಲಿ ಗುಳ್ಳೆಗಳು ಸಾಲಾಗಿ ಬರುತ್ತಿದ್ದರೆ ಪಂಪಿನ ಹಿಂದಿನ ಯಾವುದೋ ಜೋಡಣೆ ಗಾಳಿ ಎಳೆಯುತ್ತಿದೆ. ಅಲ್ಲಿ ಹನಿ ಸೋರುವುದಿಲ್ಲವಾದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ಪೈಪಿನ ತುದಿಯನ್ನು ನೇರವಾಗಿ ಕತ್ತರಿಸಿ ಮತ್ತೆ ತಳ್ಳಿ.

ಒತ್ತಡ ಕಡಿಮೆ, ವೇಸ್ಟ್ ಮಾತ್ರ ಭರ್ರೆಂದು ಹೋಗುತ್ತಿದೆ ಎಂದಾದರೆ ವೇಸ್ಟ್ ಹರಿವನ್ನು ಬಿಗಿಹಿಡಿಯುವ ಎಫ್‌ಆರ್ (ಫ್ಲೋ ರೆಸ್ಟ್ರಿಕ್ಟರ್) ಇಲ್ಲ ಅಥವಾ ತಪ್ಪು ಅಳತೆಯದು ಹಾಕಿದ್ದಾರೆ. 75 ಜಿಪಿಡಿಗೆ 450 ಮಿಲಿಯದು ಸರಿ. ಒತ್ತಡ 80 ದಾಟಿದೆ, ವೇಸ್ಟ್ ಹನಿಹನಿಯಾಗಿ ಬರುತ್ತಿದೆ ಎಂದಾದರೆ ಅದೇ ಎಫ್‌ಆರ್ ಕಟ್ಟಿದೆ. ಇದನ್ನು ಒಂದು ದಿನವೂ ಮುಂದೂಡಬೇಡಿ. ತೊಳೆದುಕೊಂಡು ಹೋಗಬೇಕಾದ ಕಬ್ಬಿಣವೆಲ್ಲ ಮೆಂಬ್ರೇನಿನ ಮೇಲೆ ಕೂರುತ್ತದೆ.

ಒತ್ತಡ ಸರಿ, ವೇಸ್ಟ್ ಸರಿ, ಶುದ್ಧ ನೀರು ಮಾತ್ರ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದೆ. ಈಗ ಮಾತ್ರ ಅದು ಮೆಂಬ್ರೇನಿನ ದೂರು, ಅದಕ್ಕೂ ಇಲ್ಲಿ ಸಾಮಾನ್ಯ ಕಾರಣ ಕಬ್ಬಿಣವೇ.

ಕೆಂಪು ಬಣ್ಣದ ವಿಚಾರ

ಬಿಳಿ ಬಾಲ್ದಿಯಲ್ಲಿ ಬಾವಿ ನೀರು ತುಂಬಿ ರಾತ್ರಿಯಿಡೀ ಮುಚ್ಚದೆ ಬಿಡಿ. ಸೇದಿದ ಕೂಡಲೇ ಕೆಂಪಾಗಿದ್ದರೆ ಕಬ್ಬಿಣ ಆಗಲೇ ತುಕ್ಕಾಗಿ ಕಣಗಳಾಗಿದೆ, ಸ್ಪನ್ ಅದನ್ನು ಹಿಡಿಯುತ್ತದೆ. ಸೇದಿದಾಗ ತಿಳಿಯಾಗಿದ್ದು ಬೆಳಗ್ಗೆ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಕಬ್ಬಿಣ ಕರಗಿದ ರೂಪದಲ್ಲಿದೆ. ಅದು ಸ್ಪನ್ನನ್ನೂ ಅದರ ನಂತರದ ಕಾರ್ಬನ್ ಫಿಲ್ಟರನ್ನೂ ಸಲೀಸಾಗಿ ದಾಟಿ ಹೋಗಿ ಮೆಂಬ್ರೇನಿನ ಮೇಲೆ ತುಕ್ಕಾಗುತ್ತದೆ. ಎರಡನೆಯದೇ ಅಪಾಯಕಾರಿ. ಪ್ರತಿ ಲೀಟರಿಗೆ 0.1 ಮಿಗ್ರಾಂ ದಾಟಿದ ಕಬ್ಬಿಣವನ್ನು ಮನೆಯ ಮೆಂಬ್ರೇನ್ ಹೆಚ್ಚು ದಿನ ತಾಳುವುದಿಲ್ಲ.

ನೀರಿನ ಮೇಲೆ ಎಣ್ಣೆಯಂತೆ ಹೊಳೆಯುವ ಕೆನೆ ಕಂಡರೆ ಪಂಪಿನ ಎಣ್ಣೆ ಬಾವಿಗೆ ಬಿದ್ದಿದೆಯೆಂದು ಗಾಬರಿಯಾಗುವವರಿದ್ದಾರೆ. ತೆಂಗಿನ ಗರಿಯ ಕಡ್ಡಿಯಿಂದ ಅದನ್ನು ಕದಡಿ ನೋಡಿ. ಎಣ್ಣೆಯಾದರೆ ಕಡ್ಡಿಯ ಸುತ್ತ ಸುಳಿದು ಮತ್ತೆ ಕೂಡಿಕೊಳ್ಳುತ್ತದೆ. ಒಡೆದ ಹಂಚಿನಂತೆ ಚೂರು ಚೂರಾಗಿ, ಕೂಡಿಕೊಳ್ಳದೆ ತೇಲಿದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಪದರ. ಫಿಲ್ಟರ್ ಬೌಲಿನ ಒಳಗೋಡೆಯನ್ನು ಬೆರಳಿನಿಂದ ಸವರಿ: ಬರೀ ತುಕ್ಕು ಒರಟಾಗಿ ಪುಡಿಯಾಗಿ ಬರುತ್ತದೆ, ಬ್ಯಾಕ್ಟೀರಿಯಾ ಇದ್ದರೆ ಲೋಳೆಯಾಗಿ ಜಾರುತ್ತದೆ. ಲೋಳೆ ಇದ್ದಲ್ಲಿ ಬಾವಿಗೇ ಬ್ಲೀಚಿಂಗ್ ಆಗಬೇಕು, ಫಿಲ್ಟರ್ ಬದಲಿಸುವುದರಿಂದ ಏನೂ ಆಗುವುದಿಲ್ಲ.

ಕರಗಿದ ಕಬ್ಬಿಣಕ್ಕೆ ಗಾಳಿ ಕೊಟ್ಟರೆ ಸಾಕು ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಇಲ್ಲಿ ಅದು ಅರ್ಧ ಮಾತ್ರ ನಿಜ. ಕಬ್ಬಿಣ ತುಕ್ಕಾಗುವ ವೇಗ ಪಿಎಚ್ ಒಂದು ಅಂಕ ಇಳಿದರೆ ನೂರು ಪಟ್ಟು ಇಳಿಯುತ್ತದೆ. ಪಿಎಚ್ 7ರ ಮೇಲೆ ಗಂಟೆಯೊಳಗೆ ಆಗುವ ಕೆಲಸ 6ರಲ್ಲಿ ದಿನಗಟ್ಟಲೆ ಹಿಡಿಯುತ್ತದೆ. ಮುರಕಲ್ಲಿನ ಬಾವಿಯ ಪಿಎಚ್ ಹೆಚ್ಚಾಗಿ 5.5ರಿಂದ 6.5ರೊಳಗೇ ಇರುವುದು. ಆದ್ದರಿಂದ ಗಾಳಿಯ ಜೊತೆಗೆ ಸುಣ್ಣದಂಶ ಬೇಕು.

200 ಲೀಟರಿನ ಡ್ರಮ್ಮಿನಲ್ಲಿ ಹೀಗೆ ಮಾಡಬಹುದು. ಮರುವಾಯಿ (ಕಪ್ಪೆಚಿಪ್ಪು) ಚಿಪ್ಪನ್ನು ಕುದಿಸಿ, ತೊಳೆದು, ಒಣಗಿಸಿ, ಸುತ್ತಿಗೆಯಿಂದ ಕಡಲೆ ಗಾತ್ರಕ್ಕೆ ಒಡೆದು ಎರಡು ಕಿಲೋದಷ್ಟು ಬಲೆ ಚೀಲಕ್ಕೆ ತುಂಬಿ. ಸುಟ್ಟ ಚಿಪ್ಪಿನ ಸುಣ್ಣ ಖಂಡಿತ ಬೇಡ, ಅದು ಪಿಎಚ್ಚನ್ನು 12ರವರೆಗೆ ಒಯ್ಯುತ್ತದೆ. ಚೀಲದ ಕೆಳಗೇ ಏರ್‌ಸ್ಟೋನ್ (ಏರ್‌ಪಂಪಿನ ಗಾಳಿಯನ್ನು ಗುಳ್ಳೆಯಾಗಿಸುವ ಕಲ್ಲು) ಇಟ್ಟು ರಾತ್ರಿಯಿಡೀ ಗಾಳಿ ಬಿಡಿ. ಬೆಳಗ್ಗೆ ಪಿಎಚ್ 7 ದಾಟಿದೆಯೇ ನೋಡಿ, ಗಾಳಿ ನಿಲ್ಲಿಸಿ ನಾಲ್ಕೈದು ಗಂಟೆ ನೀರನ್ನು ಕೂರಲು ಬಿಡಿ. ಯಂತ್ರಕ್ಕೆ ನೀರು ಎಳೆಯುವ ನಲ್ಲಿ ತಳದಿಂದ ಒಂದು ಗೇಣು ಮೇಲಿರಲಿ. ತಳದ ಕೆಂಪು ಗಷ್ಟನ್ನು ವಾರಕ್ಕೊಮ್ಮೆ ತೆಂಗಿನ ಬುಡಕ್ಕೆ ಸುರಿಯಿರಿ. ಚಿಪ್ಪಿನ ಮೇಲೆ ಕೆಂಪು ಪದರ ಕಟ್ಟಿದರೆ ಕೆಲಸ ನಿಲ್ಲುತ್ತದೆ, ತಿಂಗಳಿಗೊಮ್ಮೆ ಚೀಲ ಉಜ್ಜಿ ತೊಳೆಯಬೇಕು. ಇದರಿಂದ ನೀರಿನ ಗಡಸುತನ ಸ್ವಲ್ಪ ಏರಿದರೂ ಮೆಂಬ್ರೇನಿಗೆ ಅದು ಹೊರೆಯಲ್ಲ.

ಆಗಲೇ ಕಬ್ಬಿಣ ಹಿಡಿದ ಮೆಂಬ್ರೇನನ್ನು ಹೊರತೆಗೆದು ತುದಿಯನ್ನು ನೋಡಿದರೆ ಸುರುಳಿಯ ಪದರಗಳ ನಡುವೆ ಇಟ್ಟಿಗೆ ಬಣ್ಣ ಕೂತಿರುತ್ತದೆ. ಪೂರ್ತಿ ಕೆಟ್ಟಿರದಿದ್ದರೆ ಸಿಟ್ರಿಕ್ ಆಸಿಡ್ ಅದನ್ನು ಬಿಡಿಸುತ್ತದೆ. ಶುದ್ಧ ನೀರಿನಲ್ಲಿ ಲೀಟರಿಗೆ 20 ಗ್ರಾಂನಂತೆ ಮೂರು ಲೀಟರ್ ಕರಗಿಸಿ, ಕಾರ್ಬನ್ ಬಿಟ್ಟು ಪಂಪಿನ ಎಳೆಯುವ ಪೈಪನ್ನು ನೇರ ಆ ಬಾಲ್ದಿಗೆ ಇಳಿಸಿ, ಎಫ್‌ಆರ್ ತೆಗೆದು, ವೇಸ್ಟ್ ಮತ್ತು ಶುದ್ಧ ನೀರಿನ ಎರಡೂ ಪೈಪನ್ನು ಅದೇ ಬಾಲ್ದಿಗೆ ತಿರುಗಿಸಿ. ಐದು ನಿಮಿಷ ಓಡಿಸಿ, ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಐದು ನಿಮಿಷ ಓಡಿಸಿ. ದ್ರಾವಣ ಹಳದಿ ಹಸಿರಿಗೆ ತಿರುಗಿದರೆ ಕಬ್ಬಿಣ ಬಿಡುತ್ತಿದೆ ಎಂದು ಅರ್ಥ. ಅದನ್ನು ಚೆಲ್ಲಿ ಹೊಸತು ಮಾಡಿ ಇನ್ನೊಮ್ಮೆ. ಕೊನೆಗೆ ಎಫ್‌ಆರ್ ಹಾಕಿ, ಬಾವಿ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆದು, ಮೊದಲ 20 ಲೀಟರ್ ಶುದ್ಧ ನೀರನ್ನು ಚೆಲ್ಲಿಬಿಡಿ. ಎರಡು ಸಲ ಮಾಡಿದರೂ ನೀರಿನ ಪ್ರಮಾಣ ಮೇಲೇಳದಿದ್ದರೆ ಹೊಸ ಮೆಂಬ್ರೇನ್ ತನ್ನಿ. ಆದರೆ ಡ್ರಮ್ಮಿನ ವ್ಯವಸ್ಥೆ ಆದ ಮೇಲೆ ತನ್ನಿ, ಇಲ್ಲದಿದ್ದರೆ ಅದರ ಗತಿಯೂ ಇದೇ.

ಶುದ್ಧ ನೀರಿನ ಟಿಡಿಎಸ್ ಏರಿದೆ

ಬಾವಿ ನೀರಿನ ಅಂಕಿಯಿಂದ ಶುದ್ಧ ನೀರಿನದನ್ನು ಕಳೆದು, ಬಾವಿ ನೀರಿನದರಿಂದ ಭಾಗಿಸಿ, ನೂರರಿಂದ ಗುಣಿಸಿ. ಹೊಸ ಮೆಂಬ್ರೇನ್ 95ರಿಂದ 98 ಶೇಕಡಾ ತಡೆಯುತ್ತದೆ, 90ಕ್ಕಿಂತ ಕೆಳಗಾದರೆ ಬದಲಿಸಬೇಕು ಎಂಬುದು ಎಲ್ಲರೂ ಹೇಳುವ ಸೂತ್ರ. ಆಟಿಯ ಬಾವಿ ನೀರಿಗೆ ಈ ಸೂತ್ರ ಹಚ್ಚಿದರೆ ಮೋಸ ಹೋಗುತ್ತೀರಿ. ಬಾವಿಯಲ್ಲಿ 40, ಶುದ್ಧ ನೀರಿನಲ್ಲಿ 5 ಬಂದರೆ ಲೆಕ್ಕ 87.5 ಎನ್ನುತ್ತದೆ. ಆ ಮೆಂಬ್ರೇನಿಗೆ ಏನೂ ಆಗಿರುವುದಿಲ್ಲ. ಇಂಗಾಲದ ಡೈ ಆಕ್ಸೈಡ್ ಅನಿಲ, ಮೆಂಬ್ರೇನ್ ಅದನ್ನು ತಡೆಯುವುದೇ ಇಲ್ಲ. ಬಾವಿ ನೀರಿನಲ್ಲಿ ಅದು ಲೀಟರಿಗೆ 20 ಮಿಗ್ರಾಂ ಇದ್ದರೆ ಅದೊಂದೇ ಮೀಟರಿನಲ್ಲಿ 2–3 ಪಿಪಿಎಂ (ಲೀಟರಿಗೆ ಮಿಗ್ರಾಂ) ತೋರಿಸುತ್ತದೆ. ಒಂದು ಲೋಟ ಶುದ್ಧ ನೀರಿಗೆ ಅರ್ಧ ದಿನ ಗಾಳಿ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಇಳಿದರೆ ಹೆಚ್ಚುವರಿ ಬಂದದ್ದು ಅನಿಲದಿಂದ, ಉಪ್ಪಿನಿಂದಲ್ಲ.

ನಿಜವಾಗಿಯೂ ಏರಿದ್ದರೆ, ಮೊದಲು ಟಿಡಿಎಸ್ ಅಡ್ಜಸ್ಟರ್ ನೋಡಿ. ಅಡುಗೆಮನೆಯ ಯಂತ್ರಗಳಲ್ಲಿ ರುಚಿಗಾಗಿ ಸ್ವಲ್ಪ ಬಾವಿ ನೀರನ್ನೇ ಶುದ್ಧ ನೀರಿಗೆ ಬೆರೆಸುವ ಸಣ್ಣ ತಿರುಪು ಇರುತ್ತದೆ. ಅದನ್ನು ಪೂರ್ತಿ ಮುಚ್ಚಿ, ಆದರೆ ಆ ಪೈಪನ್ನೇ ತೆಗೆದು ಎರಡೂ ಕಡೆ ಬೂಚು ಹಾಕುವುದು ಇನ್ನೂ ಒಳ್ಳೆಯದು. ತಾಮ್ರದ ಕಾರ್ಟ್ರಿಜ್, ಮಿನರಲ್ ಅಥವಾ ಆಲ್ಕಲೈನ್ ಕಾರ್ಟ್ರಿಜ್ ಇದ್ದರೆ ಅವುಗಳ ಮೊದಲೇ ನೀರನ್ನು ಬೇರೆ ತೆಗೆಯಿರಿ. ಹುಳಿ ನೀರು ತಾಮ್ರವನ್ನು ಚೆನ್ನಾಗಿ ಕರಗಿಸುತ್ತದೆ. ಸಿಗಡಿ, ಬಸವನಹುಳು ಸಾಕುವವರಿಗೆ ಆ ಕಾರ್ಟ್ರಿಜ್ ವಿಷವೇ ಸರಿ.

ಹೊಸ ಮೆಂಬ್ರೇನ್ ಹಾಕಿದ ದಿನವೇ ಟಿಡಿಎಸ್ ಹೆಚ್ಚಿದೆ ಎಂದರೆ ತಪ್ಪು ಓ-ರಿಂಗಿನಲ್ಲಿ. ಮೆಂಬ್ರೇನಿನ ಮೂತಿಯಲ್ಲಿ ಎರಡು ಸಣ್ಣ ಕಪ್ಪು ಉಂಗುರಗಳಿವೆ. ಒಣಗಿದ್ದನ್ನು ಬಲವಂತವಾಗಿ ತುರುಕಿದರೆ ಒಂದು ಮಡಿಚಿಕೊಳ್ಳುತ್ತದೆ, ವೇಸ್ಟ್ ನೀರು ಅದರ ಸಂದಿಯಿಂದ ಶುದ್ಧ ನೀರಿಗೆ ಸೇರುತ್ತದೆ. ಸಿಲಿಕೋನ್ ಗ್ರೀಸ್ ಸವರಿ, ತಿರುಗಿಸುತ್ತಾ ಕೂರಿಸಿ. ಕೈಗೆ ಸಿಗುತ್ತದೆಂದು ತೆಂಗಿನೆಣ್ಣೆ ಹಚ್ಚಬೇಡಿ, ಈ ರಬ್ಬರು ಎಣ್ಣೆಗೆ ಉಬ್ಬುತ್ತದೆ.

ಶುದ್ಧ ನೀರಿನ ಪ್ರಮಾಣವೂ ಹೆಚ್ಚಿ, ಟಿಡಿಎಸ್ಸೂ ಏರಿದ್ದರೆ ಮೆಂಬ್ರೇನ್ ಕ್ಲೋರಿನ್ನಿನಿಂದ ಸುಟ್ಟಿದೆ. ಇದನ್ನು ಸರಿಪಡಿಸಲಾಗುವುದಿಲ್ಲ. ಬಾವಿ ನೀರಿನಲ್ಲಿ ಕ್ಲೋರಿನ್ ಎಲ್ಲಿಂದ ಎಂದು ಕೇಳಿದರೆ ದಾರಿ ಎರಡು. ಬೇಸಿಗೆಯಲ್ಲಿ ಬಾವಿ ಬತ್ತಿದಾಗ ಅದೇ ಟ್ಯಾಂಕಿಗೆ ನಗರದ ನಲ್ಲಿ ನೀರನ್ನು, ಮಂಗಳೂರಿನಲ್ಲಾದರೆ ತುಂಬೆಯದು, ಉಡುಪಿಯಲ್ಲಾದರೆ ಬಜೆಯದು, ಇಲ್ಲವೇ ಟ್ಯಾಂಕರ್ ನೀರನ್ನು ತುಂಬಿಸುತ್ತೇವೆ. ಇನ್ನೊಂದು, ಮಳೆಗಾಲದ ಬ್ಲೀಚಿಂಗ್ ಪೌಡರ್. 1000 ಲೀಟರಿಗೆ 2.5 ಗ್ರಾಂ ಎಂಬುದು ಸರಿಯಾದ ಲೆಕ್ಕ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಅದು ಸುಮಾರು 9400 ಲೀಟರ್, 24 ಗ್ರಾಂ ಪುಡಿ ಸಾಕು. ಕಣ್ಣಳತೆಯಲ್ಲಿ ಒಂದು ತೆಂಗಿನ ಚಿಪ್ಪು ತುಂಬಾ ಸುರಿಯುವುದರಿಂದಲೇ ತೊಂದರೆ. ಬ್ಲೀಚಿಂಗ್ ಹಾಕಿದ ಮೇಲೆ ಕ್ಲೋರಿನ್ ಪರೀಕ್ಷೆಯ ಹನಿಯಲ್ಲಿ ಬಣ್ಣವೇ ಬಾರದಷ್ಟಾಗುವ ತನಕ ಯಂತ್ರ ನಿಲ್ಲಿಸಿ. ಕಬ್ಬಿಣವೂ ಕ್ಲೋರಿನ್ನೂ ಒಟ್ಟಿಗಿದ್ದರೆ ಮೆಂಬ್ರೇನ್ ಇನ್ನೂ ಬೇಗ ಸುಡುತ್ತದೆ. ವರ್ಷವಿಡೀ ಬರೀ ಬಾವಿ ನೀರಾದರೂ ಕಾರ್ಬನ್ ಬ್ಲಾಕ್ ತೆಗೆದಿಡಬೇಡಿ. ಆದರೆ ಕ್ಲೋರಿನ್ ಇಲ್ಲದ ನೀರಿನಲ್ಲಿ ಕಾರ್ಬನ್ ಬ್ಯಾಕ್ಟೀರಿಯಾದ ಮನೆಯಾಗುತ್ತದೆ, ಆರು ತಿಂಗಳಿಗೊಮ್ಮೆ ಬದಲಿಸಿ.

ಬೇಸಿಗೆಯ ಉಪ್ಪು

ಉಳ್ಳಾಲ, ಬೆಂಗ್ರೆ, ಕೂಳೂರು, ಹೆಜಮಾಡಿ, ಉದ್ಯಾವರ, ಮಲ್ಪೆಯಂಥ ಕಡೆ ಬಾವಿ ಹೊಳೆಗೋ ಕಡಲಿಗೋ ಹತ್ತಿರವಿದ್ದರೆ ಫೆಬ್ರವರಿಯಿಂದ ವಾರಕ್ಕೊಮ್ಮೆ ಟಿಡಿಎಸ್ ಬರೆದಿಡಿ. ಸಮುದ್ರದ ನೀರು ಲೀಟರಿಗೆ 35 ಗ್ರಾಂ ಉಪ್ಪು ಹೊತ್ತಿರುತ್ತದೆ. ಬಾವಿಗೆ ಅದು ನೂರಕ್ಕೆ ಮೂರು ಪಾಲು ಸೇರಿದರೂ ಟಿಡಿಎಸ್ 1000 ದಾಟಿತು. ನಾಲಿಗೆಗೆ ಉಪ್ಪು ತಿಳಿಯುವುದಕ್ಕೆ ಕಾಯಬೇಡಿ, ಮೀಟರಿಗೆ ಬಹಳ ಮೊದಲೇ ತಿಳಿಯುತ್ತದೆ.

ಈ ಕಾಲದಲ್ಲಿ ಯಂತ್ರದಿಂದ ಎರಡು ದೂರು ಒಟ್ಟಿಗೆ ಬರುತ್ತವೆ. ನೀರು ಕಡಿಮೆ, ಟಿಡಿಎಸ್ ಹೆಚ್ಚು. ಎರಡೂ ಸಹಜ. 1000 ಪಿಪಿಎಂ ಉಪ್ಪು ಪಂಪಿನ ಒತ್ತಡಕ್ಕೆ ಎದುರಾಗಿ ಸುಮಾರು 11 ಪಿಎಸ್‌ಐ ತಳ್ಳುತ್ತದೆ. 2000 ಆದರೆ 60ರಲ್ಲಿ 22 ಅಲ್ಲೇ ಹೋಯಿತು, ನಿಮಿಷಕ್ಕೆ 200 ಮಿಲಿ ಬರುತ್ತಿದ್ದದ್ದು 120ರ ಆಸುಪಾಸಿಗೆ ಇಳಿಯುತ್ತದೆ. 1500ರ ನೀರಿನಲ್ಲಿ 96 ಶೇಕಡಾ ತಡೆದರೂ 60 ಪಿಪಿಎಂ ದಾಟಿ ಬರುತ್ತದೆ. ಮಳೆ ಬಂದ ಮೇಲೆ ತಾನೇ ಸರಿಹೋಗುವ ದೂರಿಗೆ ಮೆಂಬ್ರೇನ್ ಬದಲಿಸಬೇಡಿ. ಮನೆಯ ಮೆಂಬ್ರೇನಿಗೆ 2000 ಪಿಪಿಎಂ ಮಿತಿ. ಅದನ್ನು ಮೀರಿದರೆ ಜನವರಿಯಲ್ಲೇ ಒಳ್ಳೆಯ ನೀರು ತುಂಬಿಟ್ಟುಕೊಳ್ಳುವುದು ಇಲ್ಲವೇ ತೊಟ್ಟಿಗೆ ಬೇಕಾದಷ್ಟನ್ನು ಬೇರೆ ಬಾವಿಯಿಂದ ತರುವುದು ಮೇಲು.

ಮಳೆಗಾಲದಲ್ಲಿ ಬಾವಿ ನೀರು, ಆರ್‌ಒ ನೀರು ಬೆರೆಸುವ ಅಭ್ಯಾಸವಿದ್ದರೆ ಉಪ್ಪಿನ ತಿಂಗಳಲ್ಲಿ ಅದನ್ನು ನಿಲ್ಲಿಸಿ. ಆಗ ಬೆರೆತು ಬರುವುದು ಬರೀ ಸೋಡಿಯಂ, ಕ್ಲೋರೈಡ್. ಟಿಡಿಎಸ್ 150 ಎಂದು ಚೆನ್ನಾಗಿ ಕಂಡರೂ ಗಿಡಕ್ಕೂ ಮೀನಿಗೂ ಬೇಕಾದ ಕ್ಯಾಲ್ಸಿಯಂ ಅದರಲ್ಲಿ ಅಷ್ಟಿರುವುದಿಲ್ಲ. ವೇಸ್ಟ್ ನೀರನ್ನೂ ಈ ಉಪ್ಪಿನ ತಿಂಗಳುಗಳಲ್ಲಿ ಗಿಡಗಳಿಗೆ ಬಿಡಬೇಡಿ. ಯಾವ ಕಾಲದಲ್ಲೂ ಅದನ್ನು ಬಾವಿಗೆ ಮರಳಿಸಬೇಡಿ.

ಪಿಎಚ್ ತಳ ಸೇರಿದೆ, ರೆಸಿನ್ ಬೇಗ ಮುಗಿಯುತ್ತಿದೆ

ಇವೆರಡಕ್ಕೂ ಬೇರು ಒಂದೇ, ಆಗಲೇ ಹೇಳಿದ ಇಂಗಾಲದ ಡೈ ಆಕ್ಸೈಡ್. ಮೆಂಬ್ರೇನ್ ಬೈಕಾರ್ಬನೇಟನ್ನು ತಡೆದು ಅನಿಲವನ್ನು ಬಿಡುವುದರಿಂದ ಶುದ್ಧ ನೀರಿನ ಪಿಎಚ್ ಬಾವಿ ನೀರಿಗಿಂತಲೂ ಕೆಳಗಿರುತ್ತದೆ, 5ರ ಹತ್ತಿರ ಬಂದರೂ ಆಶ್ಚರ್ಯವಿಲ್ಲ. ಗಾಳಿ ಬಿಟ್ಟ ಮೇಲೂ ಅದು 5.6ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಏನೂ ಕರಗಿರದ ನೀರಿನ ಸ್ವಭಾವವೇ ಅದು. ಆ ಅಂಕಿಯ ಬೆನ್ನು ಹತ್ತಿ ಪಿಎಚ್ ಹೆಚ್ಚಿಸುವ ದ್ರಾವಣ ಸುರಿಯಬೇಡಿ.

ಸಮುದ್ರದ ಮೀನು, ಹವಳ ಸಾಕುವವರು ಮೆಂಬ್ರೇನಿನ ನಂತರ, ಉಳಿದ ಅಲ್ಪ ಉಪ್ಪನ್ನೂ ಹೀರುವ ಡಿಐ ರೆಸಿನ್ ಹರಳುಗಳನ್ನು ಇಡುತ್ತಾರೆ. 20 ಮಿಗ್ರಾಂ ಅನಿಲ ರೆಸಿನ್ನಿನ ಮೇಲೆ ಹೊರಿಸುವ ಭಾರ, 5 ಪಿಪಿಎಂ ಉಪ್ಪಿನ ಭಾರದ ಐದು ಪಟ್ಟು. ರೆಸಿನ್ ಉಪ್ಪಿಗೆ ಖರ್ಚಾಗದೆ ಗಾಳಿಯಲ್ಲಿ ಹಾರಿಹೋಗಬಹುದಾದ ಅನಿಲಕ್ಕೆ ಖರ್ಚಾಗುತ್ತಿದೆ. ಪರಿಹಾರ ಸುಲಭ: ಶುದ್ಧ ನೀರನ್ನು ಮುಚ್ಚಳವಿರುವ ಡ್ರಮ್ಮಿಗೆ ಹಿಡಿದು, ರಾತ್ರಿಯಿಡೀ ಏರ್‌ಸ್ಟೋನ್ ಓಡಿಸಿ, ಮರುದಿನ ಸಣ್ಣ ಪಂಪಿನಿಂದ ರೆಸಿನ್ ಮೂಲಕ ಹಾಯಿಸಿ. ಏರ್‌ಪಂಪನ್ನು ಅಡುಗೆಮನೆಯ ಹೊಗೆ, ಅಗರಬತ್ತಿಯಿಂದ ದೂರ ಇಡಿ.

ಮೀಟರ್ ಸೊನ್ನೆ ತೋರಿಸುತ್ತಿದ್ದರೂ ಗಾಜಿನ ಮೇಲೆ ಕಂದು ಪುಡಿ ಮತ್ತೆ ಮತ್ತೆ ಹಿಡಿಯುತ್ತಿದ್ದರೆ ಸಿಲಿಕಾ ಸಂಶಯ. ಬಾವಿ ನೀರಿನಲ್ಲಿ ಅದು ಸಹಜವಾಗಿ ಇರುತ್ತದೆ, ಸವೆಯುತ್ತಿರುವ ರೆಸಿನ್ನಿನಿಂದ ಮೊದಲು ತಪ್ಪಿಸಿಕೊಳ್ಳುವುದೂ ಅದೇ, ಟಿಡಿಎಸ್ ಮೀಟರಿಗೆ ಅದು ಕಾಣುವುದಿಲ್ಲ. ರೆಸಿನ್ ಪೂರ್ತಿ ಬಣ್ಣ ಬದಲಿಸುವವರೆಗೆ ಕಾಯದೆ ಮೂರರಲ್ಲಿ ಎರಡು ಪಾಲು ಆದಾಗಲೇ ಬದಲಿಸಿ.

ಪಂಪು ನಿಲ್ಲುವುದಿಲ್ಲ, ವೇಸ್ಟ್ ನಿಲ್ಲುವುದಿಲ್ಲ

ಪ್ಲಗ್ ತೆಗೆದ ಮೇಲೂ ವೇಸ್ಟ್ ಪೈಪಿನಿಂದ ನೀರು ಸೋರುತ್ತಿದ್ದರೆ ಕರೆಂಟು ಹೋದಾಗ ನೀರು ತಡೆಯುವ ಎಸ್‌ವಿಯ (ಸೊಲೆನಾಯ್ಡ್ ವಾಲ್ವ್) ಬಾಯಲ್ಲಿ ಮರಳು ಸಿಕ್ಕಿದೆ. ಬಿಚ್ಚಿ ತೊಳೆಯಿರಿ, ನಿಲ್ಲದಿದ್ದರೆ ಬದಲಿಸಿ. ಪಂಪು ಟಕ್ ಟಕ್ ಎಂದು ಹತ್ತುತ್ತ ಆರುತ್ತ ಇದ್ದರೆ ಕಡಿಮೆ ಒತ್ತಡದ ಸ್ವಿಚ್ಚಿಗೆ ನೀರು ಸಾಲದು, ಮತ್ತೆ ಸ್ಪನ್ ನೋಡಿ. ಡ್ರಮ್ ತುಂಬಿ ಹರಿದರೂ ಪಂಪು ನಿಲ್ಲದಿರುವುದು ದೋಷವೇ ಅಲ್ಲ: ಪೈಪಿನ ತುದಿ ತೆರೆದಿದ್ದರೆ ಹೆಚ್ಚು ಒತ್ತಡದ ಸ್ವಿಚ್ಚಿಗೆ ತಿಳಿಯುವ ದಾರಿಯಿಲ್ಲ. ಡ್ರಮ್ಮಿಗೆ ಫ್ಲೋಟ್ ವಾಲ್ವ್ ಕೂರಿಸಿ, ಶುದ್ಧ ನೀರಿನ ಪೈಪಿನಲ್ಲಿ ನಾನ್ ರಿಟರ್ನ್ ವಾಲ್ವ್ ಮತ್ತು ಅದರ ನಂತರ ಆ ಸ್ವಿಚ್ ಇಡಿ.

ಯಂತ್ರ ಸರಿ, ಮೀನು ಸರಿಯಿಲ್ಲ

ನೀರು ಬದಲಿಸಿದ ಕೆಲವೇ ನಿಮಿಷದಲ್ಲಿ ಮೀನು ಮೇಲೆ ಬಂದು ಬಾಯಿ ಬಡಿದರೆ, ಗಾಳಿ ಬಿಡದ ನೀರು ಹಾಕಿದ್ದೀರಿ. ಅದರಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚು, ಆಮ್ಲಜನಕ ಕಡಿಮೆ. ಕೂಡಲೇ ಏರ್‌ಪಂಪು ಹಾಕಿ.

ಮೀನು ವಾರಗಳಲ್ಲಿ ನಿಧಾನವಾಗಿ ಮಂಕಾಗುತ್ತ, ಬಸವನಹುಳುವಿನ ಚಿಪ್ಪು ತುದಿಯಿಂದ ಬಿಳಿಯಾಗಿ ಸವೆಯುತ್ತಿದ್ದರೆ ಕೆಎಚ್ ಅಳೆಯಿರಿ. ಬರೀ ಆರ್‌ಒ ನೀರಿನಲ್ಲಿ ಅದು ಸೊನ್ನೆ. ಫಿಲ್ಟರಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಕ್ಷಾರವನ್ನು ತಿನ್ನುತ್ತದೆ. ತಿನ್ನಲು ಏನೂ ಉಳಿಯದಿದ್ದರೆ ಪಿಎಚ್ ಕುಸಿಯುತ್ತದೆ, ಆ ಬ್ಯಾಕ್ಟೀರಿಯಾವೂ ಕೆಲಸ ನಿಲ್ಲಿಸುತ್ತದೆ. 100 ಲೀಟರ್ ಆರ್‌ಒ ನೀರಿಗೆ 9 ಗ್ರಾಂ ಅಡುಗೆ ಸೋಡ ಹಾಕಿದರೆ ಕೆಎಚ್ 3 ಬರುತ್ತದೆ. ಬೇಕಿಂಗ್ ಪೌಡರ್ ಅಲ್ಲ, ಬರೀ ಸೋಡ. ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿದ ಗಡಸುತನ) 4 ಬರಲು 9 ಗ್ರಾಂ ಕ್ಯಾಲ್ಸಿಯಂ ಸಲ್ಫೇಟ್, 4.5 ಗ್ರಾಂ ಎಪ್ಸಮ್ ಸಾಲ್ಟ್. ಕ್ಯಾಲ್ಸಿಯಂ ಸಲ್ಫೇಟ್ ಕರಗಲು ನಿಧಾನ, ಹಿಂದಿನ ರಾತ್ರಿಯೇ ಹಾಕಿ ಗಾಳಿ ಬಿಡಿ. ಅಡಿಕೆ, ತೆಂಗಿಗೆ ಹಾಕುವ ಗೊಬ್ಬರದಂಗಡಿಯ ಮೆಗ್ನೀಸಿಯಂ ಸಲ್ಫೇಟ್ ಅಗ್ಗಕ್ಕೆ ಸಿಗುತ್ತದೆ ನಿಜ, ಅದರ ಶುದ್ಧತೆಗೆ ಭರವಸೆಯಿಲ್ಲ. ಔಷಧಿ ಅಂಗಡಿಯದ್ದನ್ನೇ ಬಳಸಿ. ಕುಸಿದ ತೊಟ್ಟಿಗೆ ಪೂರ್ತಿ ಪ್ರಮಾಣವನ್ನು ಒಂದೇ ದಿನ ಹಾಕಬೇಡಿ. ಪಿಎಚ್ 7 ದಾಟುತ್ತಿದ್ದಂತೆ ತೊಟ್ಟಿಯಲ್ಲಿ ಸೇರಿಕೊಂಡ ಅಮೋನಿಯಂ ವಿಷದ ರೂಪಕ್ಕೆ ತಿರುಗುತ್ತದೆ. ದಿನಕ್ಕೆ ಕೆಎಚ್ ಅರ್ಧ ಅಂಕದಂತೆ ಏರಿಸಿ.

ಸಿಗಡಿ ಮಾತ್ರ ಸಾಯುತ್ತಿದ್ದು ಮೀನು ಚೆನ್ನಾಗಿದ್ದರೆ ತಾಮ್ರ ಹುಡುಕಿ. ಹಿತ್ತಾಳೆ ನಲ್ಲಿಯ ಕೆಳಗೆ ಬೇಸಿನ್ನಿನಲ್ಲಿ ನೀಲಿ ಹಸಿರು ಕಲೆ ಇದೆಯೇ ನೋಡಿ. ಅಡಿಕೆ ತೋಟದ ನಡುವಿನ ಬಾವಿಯಾದರೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ನೆನಪಿರಲಿ. ಅದರ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) ಹೋಗುತ್ತದೆ, ಸಿಂಪಡಿಸಿದ್ದರಲ್ಲಿ ಒಂದಷ್ಟು ಮಳೆಗೆ ತೊಳೆದು ನೆಲಕ್ಕಿಳಿಯುತ್ತದೆ. ಮೆಂಬ್ರೇನ್ ತಾಮ್ರವನ್ನು ಚೆನ್ನಾಗಿ ತಡೆಯುತ್ತದೆ. ಉಳಿದ ಕಾಲದಲ್ಲಿ ಬಾವಿ ನೀರನ್ನೇ ನೇರ ಬಳಸುವವರೂ ಸಿಂಪಡಣೆ ಶುರುವಾದ ದಿನದಿಂದ ಮಳೆ ನಿಲ್ಲುವ ತನಕ ಸಿಗಡಿ ತೊಟ್ಟಿಗೆ ಬರೀ ಆರ್‌ಒ ನೀರು, ಅದಕ್ಕೆ ಮೇಲೆ ಹೇಳಿದ ಖನಿಜ ಸೇರಿಸಿ ಕೊಡಿ. ಬಾವಿಕಟ್ಟೆಯ ಹತ್ತಿರ ದ್ರಾವಣ ಕಲಸುವುದು, ಪಂಪು ತೊಳೆಯುವುದು ಬೇಡವೆಂದು ತೋಟದ ಕೆಲಸದವರಿಗೂ ಮೊದಲೇ ಹೇಳಿಡಿ.